ಮಿಕ್ಸಿಯಲ್ಲಿ ಫ್ರೆಂಚ್ ರೊಟ್ಟಿಯ ಕಣಕ

ಫ್ರೆಂಚ್ ರೊಟ್ಟಿ ಎಂದೊಡನೆ ಅನೇಕರ ಕಣ್ಣಮುಂದೆ ಬರುವುದು ಮೊಳಕ್ಕಿಂತಲೂ ಉದ್ದವಾದ, ಮೈಮೇಲೆ ಓರೆಯಾಗಿ ನಾಲ್ಕೈದು ಗೀರುಗಳಿರುವ, ಹೊಂಬಣ್ಣದ ಒಂದು ರೊಟ್ಟಿ. ಅದಕ್ಕೆ ಬಾಗೆತ್ ಎಂದು ಹೆಸರು. ಫ್ರೆಂಚರ ಮಾತಿನಲ್ಲಿ ಹಾಗೆಂದರೆ ಕೋಲು. ಹೊರಗಿನ ಸಿಪ್ಪೆ ಹಪ್ಪಳದಂತೆ ಗರಿಗರಿ, ಒಳಗಿನ ತಿರುಳು ಮೆತ್ತಗೆ, ಅಲ್ಲಲ್ಲಿ ದೊಡ್ಡ ಚಿಕ್ಕ ತೂತುಗಳು. ನಮ್ಮ ಪೇಟೆಗಳಲ್ಲಿ ಸಿಕ್ಕುವ ಸಿಹಿ ಬ್ರೆಡ್ಡಿಗೂ ಇದಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೆ ನಂಟು ಕಡಿಮೆ. ಇದರಲ್ಲಿ ಸಕ್ಕರೆಯಿಲ್ಲ, ಬೆಣ್ಣೆಯಿಲ್ಲ, ಹಾಲಿಲ್ಲ. ಇರುವುದು ನಾಲ್ಕೇ: ಗೋಧಿಯ ಹಿಟ್ಟು, ನೀರು, ಉಪ್ಪು ಮತ್ತು ಹುದುಗು, ಎಂದರೆ ಯೀಸ್ಟ್.

ನಾಲ್ಕೇ ಪದಾರ್ಥಗಳಿರುವ ಅಡಿಗೆ ಸುಲಭವೆಂದು ತಿಳಿಯುವುದು ಸಹಜ. ಗೃಹಿಣಿಯರು ಮಾತ್ರ ಹಾಗೆ ತಿಳಿಯುವುದಿಲ್ಲ. ಅನ್ನಕ್ಕೆ ಎರಡೇ ಪದಾರ್ಥ. ಆದರೂ ಅನ್ನ ಮಾಡುವುದರಲ್ಲೇ ಕೈಯ ಹದ ತಿಳಿಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪದಾರ್ಥ ಕಡಿಮೆಯಾದಷ್ಟೂ ತಪ್ಪನ್ನು ಮುಚ್ಚಿಡಲು ಜಾಗ ಕಡಿಮೆ. ಫ್ರೆಂಚ್ ರೊಟ್ಟಿಯ ಕಷ್ಟವೂ ಅದೇ.

ಇದರೊಡನೆ ಇನ್ನೊಂದು ಕಷ್ಟವೂ ಉಂಟು, ನಾದುವುದು. ಕೈಯಲ್ಲಿ ಈ ಕಣಕವನ್ನು ಹದಕ್ಕೆ ತರಬೇಕಾದರೆ ಹತ್ತು ಹದಿನೈದು ನಿಮಿಷ ಬಿಡದೆ ನಾದಬೇಕು. ಚಪಾತಿಯ ಹಿಟ್ಟಿಗಿಂತ ಇದು ಸಡಿಲ. ಮೊದಮೊದಲು ಬೆರಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಮಣಿಕಟ್ಟಿನ ನೋವಿರುವವರು, ವಯಸ್ಸಾದವರು, ಬೆಳಗಿನ ಹೊತ್ತು ಗಡಿಯಾರದೊಡನೆ ಓಡಬೇಕಾದವರು, ಇವರೆಲ್ಲ ಇಲ್ಲಿಗೇ ಕೈಬಿಟ್ಟು, ಇದು ಬೇಕರಿಯವರ ಕೆಲಸ ಎಂದುಬಿಡುತ್ತಾರೆ. ಹಾಗೆ ಕೈಬಿಡಬೇಕಾಗಿಲ್ಲ ಎಂದು ಹೇಳುವುದಕ್ಕಾಗಿಯೇ ಈ ಮಾತುಗಳು. ಚಟ್ನಿ ಅರೆಯುವುದಕ್ಕೆ ನಿಮ್ಮಲ್ಲಿ ಮಿಕ್ಸಿ ಇದೆ. ಅದು ಅರ್ಧ ನಿಮಿಷದಲ್ಲಿ ಈ ನಾದುವ ಕೆಲಸದ ಬಹುಭಾಗವನ್ನು ಮಾಡಿಕೊಡುತ್ತದೆ. ಆದರೆ ಅರ್ಧ ನಿಮಿಷಕ್ಕೆ ಅದನ್ನು ನಿಲ್ಲಿಸಲು ನಿಮಗೆ ಬರಬೇಕು. ಯಂತ್ರವನ್ನು ನಡೆಸುವುದಕ್ಕಿಂತ ನಿಲ್ಲಿಸುವುದೇ ಇಲ್ಲಿನ ವಿದ್ಯೆ. ಹೇಗೆಂದು ವಿವರಿಸುತ್ತೇನೆ.

ಮೊದಲು ನಾದುವುದೆಂದರೇನು ಎಂಬುದನ್ನು ನೋಡೋಣ. ಗೋಧಿಯ ಹಿಟ್ಟಿನಲ್ಲಿ ಎರಡು ಬಗೆಯ ಸಸಾರಜನಕಗಳಿವೆ. ನೀರು ತಾಗಿದೊಡನೆ ಇವೆರಡೂ ಕೂಡಿಕೊಂಡು ರಬ್ಬರಿನಂತೆ ಹಿಗ್ಗುವ ಒಂದು ಪದಾರ್ಥವಾಗುತ್ತದೆ, ಅದೇ ಗ್ಲುಟನ್. ನಾದಿದಾಗ ಇದು ಎಳೆ ಎಳೆಯಾಗಿ ಹೆಣೆದುಕೊಂಡು ಬಲೆಯಾಗುತ್ತದೆ. ಆಮೇಲೆ ಹುದುಗು ಉಸಿರಾಡಿ ಬಿಡುವ ಇಂಗಾಲಾಮ್ಲ ಅನಿಲ ಈ ಬಲೆಯೊಳಗೆ ಸಿಕ್ಕಿಕೊಂಡು ರೊಟ್ಟಿಯನ್ನು ಉಬ್ಬಿಸುತ್ತದೆ. ಬಲೆ ಬಡಕಲಾದರೆ ಗಾಳಿ ಸೋರಿಹೋಗಿ ರೊಟ್ಟಿ ಇಟ್ಟಿಗೆಯಾಗುತ್ತದೆ. ಹೋಳಿಗೆಯ ಕಣಕ ಕಲಸಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಅಂಗೈಯ ಮೇಲೆ ಎಳೆದರೆ ಹರಿಯದೆ, ಹಿಂದಿನ ಬೆಳಕು ಕಾಣುವಷ್ಟು ತೆಳ್ಳಗೆ ಹಿಗ್ಗುವ ಆ ಕಣಕವೇ ಈ ಬಲೆ. ಫ್ರೆಂಚ್ ರೊಟ್ಟಿಗೆ ಬೇಕಾದುದೂ ಅದೇ ಗುಣ; ಎಣ್ಣೆಯೊಂದು ಇಲ್ಲ, ಅಷ್ಟೆ.

ಮಿಕ್ಸಿಯ ಅಲಗು ಈ ಕೆಲಸವನ್ನು ಕೈಯಂತೆ ಮಡಿಚಿ ಒತ್ತಿ ಮಾಡುವುದಿಲ್ಲ. ನಿಮಿಷಕ್ಕೆ ಸಾವಿರಾರು ಸಲ ತಿರುಗಿ ಹಿಟ್ಟಿನ ಪ್ರತಿ ಕಣವನ್ನೂ ನೀರಿಗೆ ಅಪ್ಪಳಿಸುತ್ತದೆ. ಹಿಟ್ಟು ನೀರನ್ನು ಕುಡಿಯುವುದು ನಿಮಿಷಗಳ ಕೆಲಸವಾಗಿದ್ದದ್ದು ಕ್ಷಣಗಳ ಕೆಲಸವಾಗುತ್ತದೆ. ಆದರೆ ಅಷ್ಟು ವೇಗದಲ್ಲಿ ತಿರುಗುವ ಅಲಗಿನ ತಿಕ್ಕಾಟದಿಂದ ಶಾಖ ಹುಟ್ಟುತ್ತದೆ. ಇಡ್ಲಿಗೆ ಮಿಕ್ಸಿಯಲ್ಲಿ ಅರೆಯುವವರು ತಣ್ಣೀರನ್ನು, ಕೆಲವರು ಐಸನ್ನೂ, ಹಾಕುವುದು ಏತಕ್ಕೆ? ಉದ್ದು ಬಿಸಿಯಾದರೆ ಹಿಟ್ಟು ಸರಿಯಾಗಿ ಹೂವಾಗುವುದಿಲ್ಲ, ಹುಳಿ ಬೇಗನೆ ಏರುತ್ತದೆ ಎಂದಲ್ಲವೆ? ರೊಟ್ಟಿಯ ಕಣಕಕ್ಕೂ ಅದೇ ನ್ಯಾಯ. ಬಿಸಿಯೇರಿದ ಕಣಕದಲ್ಲಿ ಹುದುಗು ಅವಸರಪಟ್ಟು ಓಡುತ್ತದೆ. ರುಚಿ ಮೂಡುವುದಕ್ಕೆ ಮುಂಚೆಯೇ ಉಬ್ಬಿ ಇಳಿದುಹೋಗುತ್ತದೆ. ಅಲಗು ಇನ್ನೂ ಹೆಚ್ಚು ಹೊತ್ತು ತಿರುಗಿದರೆ ಹೆಣೆದ ಬಲೆಯನ್ನು ತಾನೇ ಕತ್ತರಿಸತೊಡಗುತ್ತದೆ. ಆಗ ಕಣಕ ಹೊಳಪೇರಿ, ಜೇನಿನಂತೆ ಅಂಟಂಟಾಗಿ, ಹಿಡಿತವಿಲ್ಲದೆ ಹರಡಿಕೊಳ್ಳುತ್ತದೆ. ಅದಕ್ಕೆ ಮದ್ದಿಲ್ಲ.

ಯಂತ್ರದ ಅತಿಯಾಟದಿಂದ ರೊಟ್ಟಿ ಕೆಡುವುದು ಮನೆಯಲ್ಲಿ ಮಾತ್ರ ಆಗುವುದಲ್ಲ. ಒಂದು ದೇಶದ ರೊಟ್ಟಿಯೇ ಹಾಗೆ ಕೆಟ್ಟಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಜನ ಕಪ್ಪುಹಿಟ್ಟಿನ ಪಡಿತರ ರೊಟ್ಟಿ ತಿಂದು ಬೇಸತ್ತಿದ್ದರು. ಯುದ್ಧ ಮುಗಿದ ಮೇಲೆ ಅವರಿಗೆ ಬಿಳಿಯ ರೊಟ್ಟಿಯ ಹಂಬಲ. 1950ರ ದಶಕದ ನಡುವಿನಿಂದ ಅಲ್ಲಿನ ಬೇಕರಿಗಳು ಹೊಸ ವೇಗದ ನಾದುಯಂತ್ರಗಳನ್ನು ತಂದು ಕಣಕವನ್ನು ಬಹಳ ಹೊತ್ತು ಬಡಿಯತೊಡಗಿದವು. ಹಾಗೆ ಬಡಿದಾಗ ಗಾಳಿಯ ಆಮ್ಲಜನಕ ಕಣಕದೊಳಗೆ ಹೇರಳವಾಗಿ ಸೇರಿ, ಹಿಟ್ಟಿಗೆ ಕೆನೆಬಣ್ಣವನ್ನೂ ಒಳ್ಳೆಯ ಪರಿಮಳವನ್ನೂ ಕೊಡುವ ಕ್ಯಾರಟಿನಾಯ್ಡ್ ಎಂಬ ಹಳದಿ ದ್ರವ್ಯಗಳನ್ನು ನಾಶಮಾಡುತ್ತದೆ. ರೊಟ್ಟಿ ಹಾಲಿನಂತೆ ಬೆಳ್ಳಗಾಯಿತು, ದೊಡ್ಡದಾಗಿ ಉಬ್ಬಿತು. ರುಚಿ ಮಾತ್ರ ಹತ್ತಿಯಂತಾಯಿತು. ಹುದುಗು ಹೆಚ್ಚಿಸಿ, ಕಣಕ ಹುಳಿ ಬರುವ ಹೊತ್ತನ್ನೂ ಮೊಟಕು ಮಾಡಿದರು. ಬಿಳುಪನ್ನು ಕಂಡು ಕೊಳ್ಳುವವರು ಮೆಚ್ಚಿದರು, ಹೊತ್ತು ಉಳಿಯಿತೆಂದು ಮಾರುವವರು ಮೆಚ್ಚಿದರು. ಇಬ್ಬರೂ ಮೆಚ್ಚಿದ ಮೇಲೆ ತಪ್ಪು ಹೇಳುವವರಾರು?

ಹೇಳಿದವರು ರೇಮೊಂ ಕಾಲ್ವೆಲ್ ಎಂಬ ಅಧ್ಯಾಪಕರು. ಪ್ಯಾರಿಸ್ಸಿನಲ್ಲಿ ಹಿಟ್ಟಿನ ಗಿರಣಿಯ ವಿದ್ಯೆಯನ್ನು ಕಲಿಸುವ ರಾಷ್ಟ್ರೀಯ ಶಾಲೆಯಲ್ಲಿ ರೊಟ್ಟಿಯ ಶಾಸ್ತ್ರವನ್ನು ಪಾಠ ಹೇಳುತ್ತಿದ್ದವರು. 1913ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಇವರು ತಮ್ಮ ಆಯುಷ್ಯದ ದೊಡ್ಡ ಪಾಲನ್ನು ಈ ಒಂದು ಮಾತಿಗಾಗಿಯೇ ವ್ಯಯಮಾಡಿದರು: ಕಡಿಮೆ ನಾದಿರಿ, ಹೆಚ್ಚು ಹೊತ್ತು ಬಿಡಿ. 1974ರಲ್ಲಿ ಅವರು ಒಂದು ಉಪಾಯವನ್ನು ಪ್ರಚಾರಕ್ಕೆ ತಂದರು. ಹಿಟ್ಟು ಮತ್ತು ನೀರನ್ನು ಸುಮ್ಮನೆ ಬೆರೆಸಿ ಅರ್ಧ ಗಂಟೆ ಮುಚ್ಚಿಡಿ, ಆಮೇಲೆ ಉಳಿದುದನ್ನು ಸೇರಿಸಿ ನಾದಿರಿ ಎಂಬುದು ಆ ಉಪಾಯ. ಹಾಗೆ ಬಿಟ್ಟಿರುವಾಗ ಬಲೆ ತನ್ನಷ್ಟಕ್ಕೆ ತಾನೇ ಹೆಣೆದುಕೊಳ್ಳುತ್ತದೆ, ಮೃದುವಾಗುತ್ತದೆ. ಯಂತ್ರಕ್ಕೆ ಉಳಿಯುವ ಕೆಲಸ ಸ್ವಲ್ಪವೇ. ಇದಕ್ಕೆ ಅವರು ಆಟೊಲೀಸ್ ಎಂದು ಹೆಸರಿಟ್ಟರು. ಕಣಕವನ್ನು ಕಲಸಿ ಒಂದೆರಡು ಗಂಟೆ ನೆನೆಯಲು ಬಿಟ್ಟು ಆಮೇಲೆ ಹೋಳಿಗೆ ತಟ್ಟುವ ನಮ್ಮ ಅಜ್ಜಿಯರು ಇದಕ್ಕೆ ಹೆಸರಿಡಲಿಲ್ಲ, ಮಾಡುತ್ತ ಬಂದರು. ಶಾಸ್ತ್ರಜ್ಞನೂ ಅಜ್ಜಿಯೂ ಬೇರೆ ಬೇರೆ ಬೀದಿಗಳಲ್ಲಿ ನಡೆದು ಒಂದೇ ಬಾವಿಗೆ ಬಂದದ್ದು ನನಗೆ ಸಂತೋಷದ ವಿಷಯ.

ಕಾಲ್ವೆಲ್ ಅವರ ಪಾಠ ಮನೆಯ ಅಡಿಗೆಮನೆಯನ್ನು ಮುಟ್ಟಿದ್ದು ಅಮೆರಿಕದ ಒಬ್ಬ ಗೃಹಿಣಿಯಿಂದ. ಜೂಲಿಯಾ ಚೈಲ್ಡ್ ಎಂಬವರು ಫ್ರೆಂಚ್ ಅಡಿಗೆಯನ್ನು ಅಮೆರಿಕನ್ನರಿಗೆ ಕಲಿಸಿಕೊಟ್ಟು ಹೆಸರಾದವರು. ಮನೆಯ ಒಲೆಯಲ್ಲಿ ಫ್ರೆಂಚ್ ರೊಟ್ಟಿ ಮಾಡಲು ಅವರೂ ಅವರ ಪತಿಯೂ ಎಷ್ಟು ಸಲ ಪ್ರಯತ್ನಿಸಿದರೂ ಸರಿಬರಲಿಲ್ಲ. ಕೊನೆಗೆ ಪ್ಯಾರಿಸ್ಸಿಗೆ ಹೋಗಿ ಕಾಲ್ವೆಲ್ ಅವರ ಮುಂದೆ ನಿಂತು ಕಲಿತರು. 1970ರಲ್ಲಿ ಅವರೂ ಸಿಮೋನ್ ಬೆಕ್ ಅವರೂ ಸೇರಿ ಹೊರತಂದ ಪಾಕಗ್ರಂಥದ ಎರಡನೆಯ ಸಂಪುಟದಲ್ಲಿ ಈ ಒಂದು ರೊಟ್ಟಿಗಾಗಿ ಪುಟಗಳ ಮೇಲೆ ಪುಟಗಳು ಮೀಸಲಾದವು. ಅಷ್ಟು ಉದ್ದದ ವಿಧಿಯನ್ನು ನಾನು ಇಲ್ಲಿ ಹೇಳಹೋಗುವುದಿಲ್ಲ, ಹೆದರಬೇಡಿ.

ಅಲಗಿನ ಯಂತ್ರದಲ್ಲಿ ಕಣಕ ಮಾಡುವ ವಿಚಾರ ಬಂದದ್ದು ಇದಾದ ಮೇಲೆ. ಫ್ರಾನ್ಸಿನ ಹೋಟೆಲುಗಳಿಗಾಗಿ ಪಿಯರ್ ವೆರ್ದಂ ಎಂಬವರು ತಯಾರಿಸಿದ ಹೆಚ್ಚುವ ಕತ್ತರಿಸುವ ಯಂತ್ರವನ್ನು ನೋಡಿದ ಕಾರ್ಲ್ ಸಾಂಥೈಮರ್ ಎಂಬ ಎಂಜಿನಿಯರ್, 1973ರಲ್ಲಿ ಅದನ್ನು ಮನೆಬಳಕೆಗೆ ತಿದ್ದಿ ಅಮೆರಿಕಕ್ಕೆ ಪರಿಚಯಿಸಿದರು. ಫುಡ್ ಪ್ರಾಸೆಸರ್ ಎಂದು ಕರೆಯುವುದು ಅದನ್ನೇ. ಚಾರ್ಲ್ಸ್ ವ್ಯಾನ್ ಓವರ್ ಎಂಬ ರೊಟ್ಟಿಯ ಕುಶಲಿ 1997ರಲ್ಲಿ ಒಂದು ಪುಸ್ತಕವನ್ನೇ ಬರೆದು, ಈ ಯಂತ್ರದ ಅಲಗಿನಲ್ಲಿ ನಲವತ್ತೈದು ಸೆಕೆಂಡುಗಳಲ್ಲಿ ಒಳ್ಳೆಯ ಫ್ರೆಂಚ್ ಕಣಕವಾಗುತ್ತದೆ ಎಂದು ತೋರಿಸಿಕೊಟ್ಟರು. ಹೊತ್ತು ಕಡಿಮೆಯಾದ್ದರಿಂದ ಗಾಳಿ ಒಳಸೇರುವುದೂ ಕಡಿಮೆ. ಆದ್ದರಿಂದ ಕಾಲ್ವೆಲ್ ಅವರು ಅಳುತ್ತಿದ್ದ ಆ ಕೆನೆಬಣ್ಣ ಉಳಿದುಕೊಳ್ಳುತ್ತದೆ. ವೇಗದ ಯಂತ್ರವೇ ಕೆಡಿಸಿದ್ದನ್ನು ಇನ್ನೂ ವೇಗದ ಯಂತ್ರ ಉಳಿಸಿಕೊಟ್ಟಿತು ಎಂದರೆ ವಿಚಿತ್ರವಾಗಿ ಕಾಣಬಹುದು. ವಿಚಿತ್ರವೇನಿಲ್ಲ. ಕೆಡಿಸಿದ್ದು ವೇಗವೊಂದೇ ಅಲ್ಲ, ವೇಗವಾಗಿ ಬಡಿಯುತ್ತಲೇ ಇದ್ದದ್ದು.

ನಮ್ಮ ಮನೆಗಳ ಮಿಕ್ಸಿ ಬೇರೆ ಜಾತಿಯದು. 1960ರ ದಶಕದಲ್ಲಿ ಮುಂಬಯಿಯ ಎಂಜಿನಿಯರ್ ಎಸ್. ಪಿ. ಮಾಥುರ್ ಅವರು, ಹಣ್ಣಿನ ರಸಕ್ಕೆಂದು ಮಾಡಿದ ವಿದೇಶೀ ಯಂತ್ರಗಳು ನಮ್ಮ ಮಸಾಲೆಗೂ ನೆನೆದ ಬೇಳೆಗೂ ತಾಳಲಾರವೆಂದು ಕಂಡು, ಗಟ್ಟಿ ಮೋಟಾರಿನ ಸುಮೀತ್ ಮಿಕ್ಸಿಯ ಕೆಲಸಕ್ಕೆ ಕೈಹಾಕಿದರು. ಹೀಗಾಗಿ ನಮ್ಮ ಮಿಕ್ಸಿಗೆ ಶಕ್ತಿಯ ಕೊರತೆಯಿಲ್ಲ. ಆದರೆ ಅದರ ಜಾಡಿ ಕೆಳಗೆ ಕಿರಿದು. ಗಟ್ಟಿ ಕಣಕವನ್ನು ಹಾಕಿದರೆ ಅಲಗಿನ ಸುತ್ತಲಿನದು ಮಾತ್ರ ತಿರುಗಿ ಬಿಸಿಯಾಗುತ್ತದೆ, ಮೇಲಿನದು ಕದಲುವುದೇ ಇಲ್ಲ, ಮೋಟಾರು ನರಳುತ್ತದೆ. ಆದುದರಿಂದ ಇಡೀ ಕಣಕವನ್ನು ಜಾಡಿಗೆ ಹಾಕಕೂಡದು. ಅರ್ಧ ಹಿಟ್ಟನ್ನು ನೀರಿನೊಡನೆ ಇಡ್ಲಿಹಿಟ್ಟಿನ ಹದಕ್ಕೆ ತಿರುಗಿಸಿಕೊಂಡು, ಅದನ್ನು ಉಳಿದರ್ಧದ ಮೇಲೆ ಸುರಿದು ಕೈಯಿಂದ ಕಲಸಬೇಕು. ಇದಿಷ್ಟೇ ಗುಟ್ಟು.

ಇನ್ನು ಅಳತೆ. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಮೈದಾ 500 ಗ್ರಾಂ. ನೀರು 320 ಗ್ರಾಂ. ನೀರನ್ನೂ ತೂಕಮಾಡಿದರೆ ಒಳ್ಳೆಯದು. ಪುಡಿ ಉಪ್ಪು 10 ಗ್ರಾಂ, ಅಂದರೆ ಎರಡು ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ಇನ್‌ಸ್ಟಂಟ್ ಎಂದು ಬರೆದಿರುವ ಒಣ ಯೀಸ್ಟ್ 3 ಗ್ರಾಂ, ಮಟ್ಟಸವಾದ ಒಂದು ಟೀ ಚಮಚ. ಸಕ್ಕರೆ ಬೇಡ. ಯೀಸ್ಟಿಗೆ ಸಕ್ಕರೆ ಬೇಕೇ ಬೇಕೆಂದು ಹಟಹಿಡಿಯುವವರುಂಟು. ಹಿಟ್ಟಿನಲ್ಲಿರುವ ಪಿಷ್ಟವೇ ನೆನೆದು ಅದಕ್ಕೆ ಬೇಕಾದ ಸಕ್ಕರೆಯನ್ನು ಒದಗಿಸುತ್ತದೆ.

ಮೈದಾದ ಬಗ್ಗೆ ಒಂದು ಮಾತು. ಅಮೆರಿಕದ ಪುಸ್ತಕಗಳನ್ನು ನೋಡಿದರೆ ರೊಟ್ಟಿಗೆ ಬಲವಾದ ಹಿಟ್ಟು ಬೇಕು, ಸಾಧಾರಣ ಹಿಟ್ಟಿನಲ್ಲಿ ಆಗದು ಎಂಬ ಅಂಜಿಕೆ ಹುಟ್ಟುತ್ತದೆ. ಫ್ರಾನ್ಸಿನಲ್ಲಿ ಬಾಗೆತ್ ಮಾಡುವ ಹಿಟ್ಟೇನೂ ಅಂಥ ಬಲಶಾಲಿಯಲ್ಲ. ನಮ್ಮ ಒಳ್ಳೆಯ ಮೈದಾ ಸಾಕು. ಪೊಟ್ಟಣದ ಮೇಲೆ ಸಸಾರಜನಕದ ಅಂಶ ನೂರಕ್ಕೆ ಹತ್ತು ಅಥವಾ ಹನ್ನೊಂದು ಎಂದಿದ್ದರೆ, ಬಿಳುಪು ಮಾಡಿಲ್ಲ ಎಂದೂ ಇದ್ದರೆ, ಬೇರೆ ಹುಡುಕುವುದು ಬೇಡ. ಬೀಸಿದ ಗೋಧಿಹಿಟ್ಟನ್ನು ಬೆರೆಸುವ ಆಸೆಯಿದ್ದರೆ ಐದರಲ್ಲಿ ಒಂದು ಪಾಲಿಗೆ ಮೀರದಂತೆ ಬೆರೆಸಿ, ಒಂದೆರಡು ಚಮಚ ನೀರು ಹೆಚ್ಚಿಸಿರಿ. ತೌಡು ನೀರನ್ನು ಕುಡಿಯುತ್ತದೆ. ಅದರ ಚೂಪಾದ ಚೂರುಗಳು ಬಲೆಯನ್ನೂ ಹರಿಯುತ್ತವೆ.

ಈಗ ನೀರಿನ ತಂಪಿನ ಲೆಕ್ಕ. ಇದನ್ನು ಬಿಟ್ಟು ಉಳಿದುದೆಲ್ಲ ಮಾಡಿದರೂ ಪ್ರಯೋಜನವಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಕಲಸಿ ಮುಗಿದಾಗ ಕಣಕ 24 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಇರಬೇಕು. ಕೋಣೆಯ ಶಾಖ ನಿಮ್ಮ ಕೈಯಲ್ಲಿಲ್ಲ, ಹಿಟ್ಟಿನ ಶಾಖವೂ ಹೆಚ್ಚುಕಡಿಮೆ ಕೋಣೆಯದೇ. ಕೈಯಲ್ಲಿರುವುದು ನೀರೊಂದೇ. ಅದಕ್ಕಾಗಿ ಫ್ರಾನ್ಸಿನ ರೊಟ್ಟಿಗಾರರು ಒಂದು ಸುಲಭದ ಕೂಡುವ ಲೆಕ್ಕ ಇಟ್ಟುಕೊಂಡಿದ್ದಾರೆ. ಕೋಣೆ, ಹಿಟ್ಟು, ನೀರು, ಈ ಮೂರರ ಡಿಗ್ರಿಗಳನ್ನು ಕೂಡಿದರೆ ಒಂದು ಗೊತ್ತಾದ ಮೊತ್ತ ಬರಬೇಕು. ಆ ಮೊತ್ತ ಯಂತ್ರದಿಂದ ಯಂತ್ರಕ್ಕೆ ಬೇರೆ. ನಾನು ಹೇಳಿದ ಮಿಕ್ಸಿಯ ಕ್ರಮಕ್ಕೆ 66 ಎಂದಿಟ್ಟುಕೊಂಡು ಪ್ರಾರಂಭಿಸಿರಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಚಳಿಗಾಲದ ಬೆಳಗ್ಗೆ ಕೋಣೆ 22, ಹಿಟ್ಟು 22, ಕೂಡಿದರೆ 44. ಉಳಿದದ್ದು 22, ಕೊಡದ ನೀರೇ ಆಯಿತು. ಮಂಗಳೂರಿನಲ್ಲಿ ಕೋಣೆ 28, ಹಿಟ್ಟು 28; ಒಟ್ಟು 56. ನೀರು 10 ಡಿಗ್ರಿ ಇರಬೇಕು, ಎಂದರೆ ತಂಗಳುಪೆಟ್ಟಿಗೆಯಿಂದ ತೆಗೆದ ನೀರು. ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 38 ಇದ್ದರೆ ಲೆಕ್ಕ ಮುರಿದುಬೀಳುತ್ತದೆ. ಅಲ್ಲಿನವರು ಹಿಟ್ಟನ್ನೇ ಹಿಂದಿನ ರಾತ್ರಿ ಮುಚ್ಚಿದ ಡಬ್ಬಿಯಲ್ಲಿ ತಂಗಳುಪೆಟ್ಟಿಗೆಯೊಳಗೆ ಇಟ್ಟಿರಬೇಕು. ಹಿಟ್ಟು 8 ಆದರೆ ಕೋಣೆಯ 38 ಸೇರಿ 46. ನೀರು 20 ಸಾಕು. ಒಂದೆರಡು ಸಲ ಮಾಡಿ, ಕಣಕದೊಳಗೆ ಉಷ್ಣಮಾಪಕ ಚುಚ್ಚಿ ನೋಡಿ, ನಿಮ್ಮ ಮಿಕ್ಸಿಯ ಮೊತ್ತವನ್ನು ಎರಡೋ ನಾಲ್ಕೋ ಏರಿಸಿ ಇಳಿಸಿಕೊಳ್ಳಿ. ಆಮೇಲೆ ಅದು ನಿಮ್ಮ ಮನೆಯ ಅಂಕಿ. ಅಡಿಗೆಮನೆಯ ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ.

ಕೆಲಸಕ್ಕೆ ತೊಡಗೋಣ. ಮಿಕ್ಸಿಯ ದೊಡ್ಡ ಜಾಡಿಗೆ ಮೊದಲು ನೀರು ಹಾಕಿ. ಒಟ್ಟು ನೀರಿನಲ್ಲಿ 20 ಗ್ರಾಂ ಎತ್ತಿಟ್ಟುಕೊಂಡು 300 ಗ್ರಾಂ ಹಾಕಿರಿ. ಅದರ ಮೇಲೆ ಅರ್ಧ ಹಿಟ್ಟು, ಅಂದರೆ 250 ಗ್ರಾಂ. ಹಿಟ್ಟು ಮೊದಲು ಹಾಕಿದರೆ ಅಲಗಿನ ಬುಡದಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಜಾಡಿ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಮುಚ್ಚಳದ ಮೇಲೆ ಅಂಗೈ ಒತ್ತಿಹಿಡಿದು, ಐದು ಸೆಕೆಂಡು ತಿರುಗಿಸಿ ನಿಲ್ಲಿಸಿ. ಹೀಗೆ ಆರು ಸಲ. ನಡುವೆ ಒಮ್ಮೆ, ಪ್ಲಗ್ ಕಿತ್ತ ಮೇಲೆ, ಬದಿಗೆ ಮೆತ್ತಿದ ಹಿಟ್ಟನ್ನು ಚಮಚದಿಂದ ಕೆರೆದು ಕೆಳಕ್ಕೆ ತಳ್ಳಿ. ಪ್ಲಗ್ ಕೀಳದೆ ಜಾಡಿಯೊಳಗೆ ಕೈಹಾಕಕೂಡದು ಎಂಬುದನ್ನು ಮಕ್ಕಳಿಗೆ ಹೇಳುತ್ತೇವೆ, ನಾವೇ ಮರೆಯುತ್ತೇವೆ. ಮೋಟಾರು ಅರ್ಧದಲ್ಲಿ ನಿಂತುಹೋದರೆ ಮಿಕ್ಸಿ ಕೆಟ್ಟಿತೆಂದು ಗಾಬರಿ ಬೇಡ. ಅನೇಕ ಮಿಕ್ಸಿಗಳ ಅಡಿಯಲ್ಲಿ ಒಂದು ಕೆಂಪು ಗುಂಡಿಯಿರುತ್ತದೆ. ಭಾರ ಹೆಚ್ಚಾದಾಗ ಅದು ತಾನಾಗಿ ಹೊರಬಂದು ಮೋಟಾರನ್ನು ಸುಡದಂತೆ ಕಾಯುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಒಳಕ್ಕೆ ಒತ್ತಿದರೆ ಸರಿ.

ಮೂವತ್ತು ಸೆಕೆಂಡುಗಳಾದ ಮೇಲೆ ಜಾಡಿಯಲ್ಲಿರುವುದು ನಯವಾದ, ಚಮಚ ಎತ್ತಿದರೆ ದಾರದಂತೆ ಇಳಿಯುವ ಹಿಟ್ಟು. ಆ ದಾರವೇ ಬಲೆಯ ಮೊದಲ ಎಳೆ. ಅಷ್ಟು ಕಂಡರೆ ಸಾಕು. ಇನ್ನೊಂದು ಸುತ್ತು ತಿರುಗಿಸಿಬಿಡೋಣ ಎಂಬ ಆಸೆ ಬರುತ್ತದೆ, ಅದನ್ನು ತಡೆಯಿರಿ.

ಅಗಲವಾದ ಬೋಗುಣಿಯಲ್ಲಿ ಉಳಿದ 250 ಗ್ರಾಂ ಹಿಟ್ಟಿಗೆ ಯೀಸ್ಟನ್ನು ಒಣದಾಗಿಯೇ ಬೆರೆಸಿಟ್ಟಿರಿ. ಯೀಸ್ಟನ್ನು ಜಾಡಿಯ ತಣ್ಣೀರಿಗೆ ಹಾಕದಿರುವುದಕ್ಕೆ ಕಾರಣವಿದೆ: ಒಣಗಿ ಮಲಗಿರುವ ಆ ಜೀವಿಗಳ ಮೇಲೆ ಒಮ್ಮೆಗೇ ತಣ್ಣೀರು ಬಿದ್ದರೆ ಅವುಗಳ ಬಲ ಕುಂದುತ್ತದೆ. ಈ ಹಿಟ್ಟಿನ ನಡುವೆ ಗುಳಿಮಾಡಿ ಜಾಡಿಯದನ್ನು ಸುರಿದು, ಮರದ ಸೌಟಿನಿಂದ ಒಣಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಮುದ್ದೆ ತರಿತರಿಯಾಗಿರುತ್ತದೆ, ಇರಲಿ. ಒದ್ದೆಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟುಬಿಡಿ. ತೆರೆದು ನೋಡಿದಾಗ ಅದೇ ತರಿತರಿ ಮುದ್ದೆ ಮಿದುವಾಗಿ, ನಯವಾಗಿ ಕುಳಿತಿರುತ್ತದೆ. ಉಪ್ಪನ್ನು ಎತ್ತಿಟ್ಟ 20 ಗ್ರಾಂ ನೀರಿನಲ್ಲಿ ಕದಡಿ ಮೇಲೆ ಚಿಮುಕಿಸಿ, ಎರಡು ಮೂರು ನಿಮಿಷ ಕೈಯಿಂದ ಮಡಿಚಿ ಒತ್ತಿ. ಮೊದಲು ಕಣಕ ಬಿರುಕುಬಿಟ್ಟು ಜಾರುತ್ತದೆ, ಬಳಿಕ ಮತ್ತೆ ಕೂಡಿಕೊಂಡು ಬಿಗಿಯಾಗುತ್ತದೆ. ಉಪ್ಪು ಬಲೆಯನ್ನು ಬಿಗಿಮಾಡುವುದನ್ನು ಅಂಗೈಯಲ್ಲೇ ಅರಿಯಬಹುದು.

ಫುಡ್ ಪ್ರಾಸೆಸರ್ ಇರುವವರು, ಅಥವಾ ಮಿಕ್ಸಿಯ ಜೊತೆಗೆ ಹಿಟ್ಟು ಕಲಸುವ ಅಗಲ ಬಟ್ಟಲು ಬಂದಿರುವವರು, ಯೀಸ್ಟೂ ಉಪ್ಪೂ ಸೇರಿ ಎಲ್ಲ ಹಿಟ್ಟನ್ನೂ ಒಟ್ಟಿಗೇ ಹಾಕಿ, ತಿರುಗುತ್ತಿರುವಾಗಲೇ ನೀರನ್ನು ಸುರಿದು, ಒಟ್ಟು 45 ಸೆಕೆಂಡಿಗೆ ನಿಲ್ಲಿಸಬಹುದು. ಇಡೀ ಕಣಕವೇ ತಿರುಗುವುದರಿಂದ ಶಾಖ ಹೆಚ್ಚು. ಲೆಕ್ಕದ ಮೊತ್ತವನ್ನು 66ರಿಂದ 60ಕ್ಕೆ ಇಳಿಸಿಕೊಳ್ಳಿ. ನಿಮ್ಮ ಯಂತ್ರ ಎಷ್ಟು ಹಿಟ್ಟನ್ನು ತಾಳುತ್ತದೆಂಬುದು ಅದರ ಜೊತೆಯ ಪುಸ್ತಕದಲ್ಲಿ ಬರೆದಿರುತ್ತದೆ. ಸಂದೇಹವಿದ್ದರೆ ಅರ್ಧರ್ಧ ಮಾಡಿಕೊಳ್ಳಿ.

ಇಲ್ಲಿಗೆ ಯಂತ್ರದ ಕೆಲಸ ಮುಗಿಯಿತು, ನಿಮ್ಮದೂ ಬಹುಮಟ್ಟಿಗೆ ಮುಗಿಯಿತು. ಇನ್ನು ಹೊತ್ತಿನ ಕೆಲಸ. ಮುಚ್ಚಿಟ್ಟ ಕಣಕವನ್ನು ಮೊದಲ ಗಂಟೆಯಲ್ಲಿ ಎರಡು ಸಲ, ಒದ್ದೆಗೈಯಿಂದ ಒಂದೊಂದು ಬದಿಯನ್ನು ಎಳೆದು ಪಂಚೆ ಮಡಿಸಿದಂತೆ ನಡುವಿಗೆ ಮಡಿಸಿ. 24 ಡಿಗ್ರಿಯಲ್ಲಿ ಎರಡರಿಂದ ಮೂರು ಗಂಟೆಗಳಲ್ಲಿ ಅದು ಎರಡರಷ್ಟಾಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಯೀಸ್ಟನ್ನು ಅರ್ಧ ಚಮಚಕ್ಕೆ ಇಳಿಸಿ, ಒಂದು ಗಂಟೆ ಹೊರಗಿಟ್ಟು, ಆಮೇಲೆ ಮುಚ್ಚಿದ ಪಾತ್ರೆಯಲ್ಲಿ ರಾತ್ರಿಯೆಲ್ಲ ತಂಗಳುಪೆಟ್ಟಿಗೆಯಲ್ಲಿ ಇಡುವುದು. ತಂಪಿನಲ್ಲಿ ಹುದುಗು ನಿಧಾನಿಸುತ್ತದೆ. ಆದರೆ ಹಿಟ್ಟಿನ ಪಿಷ್ಟ ಸಕ್ಕರೆಯಾಗುವ ಕ್ರಿಯೆಯೂ, ಹುಳಿಯ ಸುವಾಸನೆ ಮೂಡುವ ಕ್ರಿಯೆಯೂ ನಡೆಯುತ್ತಲೇ ಇರುತ್ತವೆ. ಹನ್ನೆರಡರಿಂದ ಹದಿನಾರು ಗಂಟೆಗಳ ಮೇಲೆ ಸುಟ್ಟ ರೊಟ್ಟಿಯ ಬಣ್ಣವೇ ಬೇರೆ, ವಾಸನೆಯೇ ಬೇರೆ. ಮಿಕ್ಸಿ ಉಳಿಸಿಕೊಟ್ಟ ಹದಿನೈದು ನಿಮಿಷಗಳನ್ನು ಕಂಡು, ಈ ಗಂಟೆಗಳನ್ನೂ ಉಳಿಸಬಹುದಲ್ಲ ಎಂದು ಯೀಸ್ಟ್ ಹೆಚ್ಚಿಸಿದಿರೋ, ಫ್ರಾನ್ಸಿನ ಬೇಕರಿಗಳು ಮಾಡಿದ್ದನ್ನೇ ನಿಮ್ಮ ಅಡಿಗೆಮನೆಯಲ್ಲಿ ಮಾಡಿದಂತಾಯಿತು.

ಆ ದೇಶದವರು ಕೊನೆಗೆ ಕಾಯಿದೆಯನ್ನೇ ಮಾಡಬೇಕಾಯಿತು. 1993ರ ಸೆಪ್ಟೆಂಬರಿನಲ್ಲಿ ಹೊರಟ ಸರ್ಕಾರಿ ಆಜ್ಞೆಯಂತೆ, ಫ್ರೆಂಚ್ ಸಂಪ್ರದಾಯದ ರೊಟ್ಟಿ ಎಂದು ಮಾರಬೇಕಾದರೆ ಅದರಲ್ಲಿ ಹಿಟ್ಟು, ನೀರು, ಉಪ್ಪು, ಹುದುಗು ಇಷ್ಟೇ ಇರಬೇಕು. ಅವರೆಕಾಳಿನ ಜಾತಿಯ ಹಿಟ್ಟು, ಸೋಯಾ ಹಿಟ್ಟು, ಮೊಳಕೆಗೋಧಿಯ ಹಿಟ್ಟು ಅತ್ಯಲ್ಪವಾಗಿ ಸೇರಬಹುದು. ಬೇರೆ ರಾಸಾಯನಿಕಗಳು ಕೂಡದು. ಕಣಕವನ್ನು ಹಿಮಗಟ್ಟಿಸಲೂ ಕೂಡದು. 2022ರಲ್ಲಿ ಯುನೆಸ್ಕೋ ಸಂಸ್ಥೆ ಬಾಗೆತ್ ಮಾಡುವ ಕುಶಲತೆಯನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿಕೊಂಡಿತು. ನಮ್ಮಲ್ಲಿಯೂ 2016ರಲ್ಲಿ, ಬ್ರೆಡ್ಡಿನ ಹಿಟ್ಟಿಗೆ ಬೆರೆಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಎಂಬ ರಾಸಾಯನಿಕವನ್ನು ನಿಷೇಧಿಸಲಾಯಿತು. ಮನೆಯಲ್ಲಿ ಮಾಡುವವರಿಗೆ ಈ ಕಾಯಿದೆಗಳ ಗೊಡವೆಯೇ ಇಲ್ಲ, ಒಳಗೆ ಏನು ಹೋಯಿತೆಂಬುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ.

ಸುಡುವ ವಿಚಾರ ಬೇರೊಂದು ಭಾಷಣಕ್ಕೆ ಸಾಕಾಗುವಷ್ಟಿದೆ, ಮುಖ್ಯವಾದುದನ್ನಷ್ಟೇ ಹೇಳುತ್ತೇನೆ. ಕಣಕವನ್ನು ಮೂರು ಪಾಲು ಮಾಡಿ, ಇಪ್ಪತ್ತು ನಿಮಿಷ ಬಿಟ್ಟು, ಒಳಗಿನ ಗಾಳಿಯನ್ನೆಲ್ಲ ಹಿಂಡದೆ ಹಗುರವಾಗಿ ಮಡಿಚಿ ಉರುಳಿಸಿ, ನಿಮ್ಮ ಒವೆನ್ನಿನ ಅಗಲಕ್ಕೆ ಹಿಡಿಸುವಷ್ಟು ಉದ್ದಮಾಡಿರಿ. ಮೊಳದುದ್ದ ಆಗದಿದ್ದರೆ ಗೇಣುದ್ದ ಆಗಲಿ, ರುಚಿಗೆ ಅಳತೆಗೋಲಿಲ್ಲ. ಹಳೆಯ ದಪ್ಪ ಪಂಚೆಗೆ ಹಿಟ್ಟು ಸವರಿ, ನಿರಿಗೆ ಹಿಡಿದು, ನಿರಿಗೆಗಳ ನಡುವೆ ಒಂದೊಂದನ್ನು ಮಲಗಿಸಿ ಮುಕ್ಕಾಲು ಗಂಟೆ ಬಿಡಿ. ಒವೆನ್ 240 ಡಿಗ್ರಿಗೆ ಅರ್ಧ ಗಂಟೆ ಮೊದಲೇ ಕಾದಿರಬೇಕು. ಅದರ ತಳದಲ್ಲಿ ಒಂದು ಕಬ್ಬಿಣದ ತಟ್ಟೆ ಕಾಯಲಿ. ಹೊಸ ಬ್ಲೇಡಿನಿಂದ ರೊಟ್ಟಿಯ ಮೇಲೆ ಓರೆಯಾಗಿ ಮೂರು ಗೀರು ಎಳೆದು, ಒಳಗಿಟ್ಟು, ಆ ತಟ್ಟೆಗೆ ಅರ್ಧ ಲೋಟ ಬಿಸಿನೀರು ಸುರಿದು ಥಟ್ಟನೆ ಬಾಗಿಲು ಮುಚ್ಚಿ. ಬಾಗಿಲಿನ ಗಾಜಿನ ಮೇಲೆ ನೀರು ಸಿಡಿಯದಿರಲಿ. ಈ ಆವಿ ಸಿಪ್ಪೆಯನ್ನು ಮೊದಲ ಕೆಲವು ನಿಮಿಷ ಮೆತ್ತಗಿಟ್ಟು ರೊಟ್ಟಿ ಪೂರ್ತಿಯಾಗಿ ಉಬ್ಬಲು ಬಿಡುತ್ತದೆ, ಆಮೇಲೆ ಅದಕ್ಕೆ ಹೊಳಪು ಕೊಡುತ್ತದೆ. ಇಪ್ಪತ್ತೆರಡರಿಂದ ಇಪ್ಪತ್ತೈದು ನಿಮಿಷ. ಬಣ್ಣ ಹೆಚ್ಚಾಯಿತೇನೋ ಎಂದು ಹೆದರಿ ಬೇಗ ತೆಗೆಯಬೇಡಿ.

ಹೊರತೆಗೆದ ರೊಟ್ಟಿಯನ್ನು ಜಾಲರಿಯ ಮೇಲಿಟ್ಟು ಕಿವಿಯನ್ನು ಹತ್ತಿರ ತನ್ನಿ. ಸಿಪ್ಪೆ ಆರುತ್ತ ಬಿರಿಯುವಾಗ ಚಿಟಪಟ ಎಂದು ಸಣ್ಣ ಸದ್ದು ಕೇಳುತ್ತದೆ. ರೊಟ್ಟಿ ಹಾಡುತ್ತಿದೆ ಎನ್ನುತ್ತಾರೆ ಫ್ರಾನ್ಸಿನ ಬೇಕರಿಯವರು. ಹಾಡು ಮುಗಿಯುವವರೆಗೆ ಕೊಯ್ಯಬಾರದು. ಒಳಗಿನ ತಿರುಳು ಇನ್ನೂ ಹಸಿಯಾಗಿರುತ್ತದೆ. ಅರ್ಧ ಗಂಟೆ ತಡೆಯುವುದು ಮಕ್ಕಳಿರುವ ಮನೆಯಲ್ಲಿ ಸುಲಭವಲ್ಲವೆಂಬುದು ನನಗೆ ಗೊತ್ತು.

ಈ ರೊಟ್ಟಿ ಅಂದಿಗೆ ಅಂದೇ ಮುಗಿಯಬೇಕು. ಕೊಬ್ಬು ಸಕ್ಕರೆಗಳಿಲ್ಲದ್ದರಿಂದ ಮರುದಿನಕ್ಕೆ ಕಟ್ಟಿಗೆಯಾಗುತ್ತದೆ. ಹಾಗೆಂದು ತಂಗಳುಪೆಟ್ಟಿಗೆಯಲ್ಲಿ ಇಟ್ಟರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಆ ತಂಪಿನಲ್ಲಿ ಬೆಂದ ಪಿಷ್ಟ ಮತ್ತೆ ಬಿಗಿಯುವುದು ಹೆಚ್ಚು. ಬಟ್ಟೆಯಲ್ಲಿ ಸುತ್ತಿ ಹೊರಗೇ ಇಡಿ. ಗಟ್ಟಿಯಾದುದನ್ನು ಫ್ರೆಂಚರು ಹಾಲು ಮೊಟ್ಟೆಗಳಲ್ಲಿ ನೆನೆಸಿ ಬೆಣ್ಣೆಯಲ್ಲಿ ಹುರಿದು, ಕಳೆದುಹೋದ ರೊಟ್ಟಿ ಎಂದು ಹೆಸರಿಟ್ಟು ತಿನ್ನುತ್ತಾರೆ. ನಮಗೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆ ಇದೆ. ರೊಟ್ಟಿಯನ್ನು ಚೂರುಮಾಡಿ, ಮಜ್ಜಿಗೆ ಚಿಮುಕಿಸಿ, ಒಗ್ಗರಣೆಗೆ ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಬೆಳಗಿನ ಉಪ್ಪಿಟ್ಟಾಯಿತು. ಸಿಪ್ಪೆಯ ಚೂರುಗಳು ಮಾತ್ರ ಪೂರ್ತಿ ನೆನೆಯದೆ ಅಲ್ಲಲ್ಲಿ ಗರಿಗರಿಯಾಗಿ ಉಳಿಯುತ್ತವೆ. ಅವನ್ನು ಹುಡುಕಿ ತಿನ್ನುವವರೂ ಇದ್ದಾರೆ.